ಹೊರರಾಜ್ಯದ ಹೆಣ್ಣುಮಕ್ಕಳಿಗೆ ಕೆಲಸ: ಸೇರಿಸಿದರೆ ಸಾಲದು, ನಿಲ್ಲುವಂತೆಯೂ ನೋಡಿಕೊಳ್ಳಿ

ಒಡಿಶಾ, ಜಾರ್ಖಂಡ್, ಅಸ್ಸಾಮಿನಿಂದ ಮೈಸೂರಿನ ಹೆಬ್ಬಾಳ, ಕೂರ್ಗಳ್ಳಿ, ಮದ್ದೂರಿನ ಗೆಜ್ಜಲಗೆರೆ ಕಡೆ ಗಾರ್ಮೆಂಟ್ಸ್ ಕೆಲಸ ಹುಡುಕಿ ಬಂದ ಹೆಣ್ಣುಮಗಳಿಗೆ ನೆರವಾಗುವ ಸ್ತ್ರೀಶಕ್ತಿ ಸಂಘದವರು, ಮನೆ ಮಾಲೀಕರು ಮೊದಲು ಕೇಳಬೇಕಾದದ್ದು: ಆಧಾರ್‌ಗೆ ಜೋಡಿಸಿರುವ ಮೊಬೈಲ್ ನಂಬರ್ ಯಾರದು? ಎಷ್ಟೋ ಸಲ ಅದು ಊರಲ್ಲಿರುವ ಅಣ್ಣನದೋ ಕರೆತಂದ ಏಜೆಂಟನದೋ ಆಗಿರುತ್ತದೆ. ಒಟಿಪಿ ಅವರಿಗೆ ಹೋಗುತ್ತದೆ, ಪಿಎಫ್ ಕೆಲಸವೆಲ್ಲ ಇಲ್ಲಿ ನಿಂತುಬಿಡುತ್ತದೆ. ಆಕೆಯೇ ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟರೆ ನಂಬರ್ ಬದಲಾಗುತ್ತದೆ, ಬೇರೆ ದಾಖಲೆ ಬೇಡ. ಆಮೇಲೆ ಆಧಾರ್, ಪಾಸ್‌ಬುಕ್ ಪಕ್ಕಪಕ್ಕ ಇಟ್ಟು ಹೆಸರಿನ ಅಕ್ಷರ ತಾಳೆ ನೋಡಿ.

ಬಾಡಿಗೆ ಕರಾರು ಆಕೆಯ ಹೆಸರಲ್ಲೇ ನೋಂದಣಿಯಾಗಲಿ. ಅದನ್ನು ತೋರಿಸಿ ಆಧಾರ್ ವಿಳಾಸ ಬದಲಿಸಬಹುದು. ಶಕ್ತಿ ಯೋಜನೆಯ ಉಚಿತ ಬಸ್ ಕರ್ನಾಟಕದ ವಿಳಾಸವಿದ್ದವರಿಗೆ ಮಾತ್ರ. ದಿನಾ ಎರಡು ಟಿಕೆಟಿನ ದುಡ್ಡು ಹೆಲ್ಪರ್ ಸಂಬಳದಲ್ಲಿ ಸಣ್ಣದೇನಲ್ಲ.

ಟೈಲರ್ ಕೆಲಸಕ್ಕೆ ಗಾರ್ಮೆಂಟ್ಸ್‌ನಲ್ಲಿ ಮಿಷನ್ ಮೇಲೆ ಕೂರಿಸಿ ಹೊಲಿಸಿ ನೋಡುತ್ತಾರೆ. ಮನೆಯ ಮಿಷನ್ ತುಳಿದು ರೂಢಿಯಾದವರಿಗೆ ಪವರ್ ಮಿಷನ್ನಿನ ವೇಗಕ್ಕೆ ಕೈ ತಪ್ಪುತ್ತದೆ. ದಾರ ಹಾಕದೆ ಕಾಗದದ ಮೇಲೆ ನೇರ ಗೆರೆ, ಮೂಲೆ, ಆಮೇಲೆ ವೃತ್ತ ಹೊಲಿಸಿ. ಸೂಜಿಯ ತೂತು ಗೆರೆಯ ಮೇಲೇ ಬೀಳುವವರೆಗೆ ಬಿಡಬೇಡಿ.

ಸೇರುವ ದಿನವೇ ನೇಮಕಾತಿ ಪತ್ರ ಕೇಳಿ ಪಡೆಯಲಿ. ಹಳೆಯ ಯುಎಎನ್ (ಪಿಎಫ್‌ನ ಕಾಯಂ ಸಂಖ್ಯೆ) ಇದ್ದರೆ ಅದನ್ನೇ ಕೊಡಲಿ. ಹೊಸದು ಮಾಡಿಸಿದರೆ ಹಳೆಯ ಪಿಎಫ್ ಹಣ ಅಲ್ಲೇ ಉಳಿದುಬಿಡುತ್ತದೆ. ಮೊದಲ ಸಂಬಳದ ಚೀಟಿಯನ್ನು ಜೊತೆಗೆ ಕೂತು ಓದಿ: ಪಿಎಫ್ ಶೇ 12, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಶೇ 0.75. ಅದರಾಚೆ ಹಿಡಿದಿದ್ದರೆ ಯಾವ ಲೆಕ್ಕಕ್ಕೆಂದು ಎಚ್‌ಆರ್ ಹೇಳಬೇಕು. ಓಟಿಗೆ (ಹೆಚ್ಚುವರಿ ಹೊತ್ತಿನ ದುಡಿಮೆಗೆ) ದುಪ್ಪಟ್ಟು ದರ.

ಆದರೂ ಕೆಲಸ ಬಿಡಿಸುವುದು ಹೆಚ್ಚಾಗಿ ಭಾಷೆಯ ತೊಡಕು. "ದಾರ ಕಿತ್ತೋಗ್ತಿದೆ", "ಇನ್ನೊಂದ್ಸಲ ತೋರ್ಸಿ ಅಕ್ಕ", "ಮೈ ಸರಿಯಿಲ್ಲ, ರಜ ಬೇಕು" ಇಷ್ಟು ಬಾಯಿಗೆ ಬಂದರೂ ಲೈನಿನಲ್ಲಿ ಬೈಗುಳ ಕಡಿಮೆಯಾಗುತ್ತದೆ. ಹೇಳದೆ ಊರಿಗೆ ಹೋದರೆ ಗೈರುಹಾಜರಿ ಎಂದು ಹೆಸರು ತೆಗೆಯುತ್ತಾರೆ. ರಜೆ ಅರ್ಜಿ ಕನ್ನಡದಲ್ಲಿ ಬರೆದುಕೊಡಿ, ಅದರ ಫೋಟೊ ಆಕೆಯ ಮೊಬೈಲಿನಲ್ಲಿರಲಿ.

ಬಣ್ಣ, ಮುಖಚಹರೆ ಹಿಡಿದು ಅಡ್ಡಹೆಸರು ಕರೆಯುವುದನ್ನು ತಮಾಷೆ ಎಂದು ತಳ್ಳಿಹಾಕುವವರೇ ಹೆಚ್ಚು. ಅದು ಅವಮಾನ. ದಿನ, ಹೊತ್ತು, ಆಡಿದ ಮಾತು, ಕೇಳಿಸಿಕೊಂಡವರ ಹೆಸರು ಬರೆದಿಟ್ಟು ಎಚ್‌ಆರ್‌ಗೆ ಲಿಖಿತ ದೂರು ಕೊಡಿಸಿ, ಸ್ವೀಕೃತಿ ಪಡೆಯಿರಿ. ಲೈಂಗಿಕ ಕಿರುಕುಳವಾದರೆ 3 ತಿಂಗಳೊಳಗೆ ಆಂತರಿಕ ಸಮಿತಿಗೆ ದೂರು ಹೋಗಬೇಕು; 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಈ ಸಮಿತಿ ಇರಲೇಬೇಕು. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರ ನೆರವು ಉಚಿತ. ಸಹಾಯವಾಣಿ 15100.