ಬ್ರಾಂಚ್ ಐಪಿ ಫೋನಲ್ಲಿ ದನಿ ಸರಿಯಾಗಿ ಬರ್ತಿಲ್ವಾ? ಹೀಗೆ ಒಂದೊಂದೇ ಚೆಕ್ ಮಾಡಿ

ಆಫೀಸಿನ ಫೋನ್‌ಗಳನ್ನೆಲ್ಲ ಜೋಡಿಸೋ ಪಿಬಿಎಕ್ಸ್ ಇರೋದು ಬೆಂಗಳೂರಿನ ಹೆಡ್ ಆಫೀಸಲ್ಲಿ, ಫೋನ್ ಇರೋದು ಮೂಡಿಗೆರೆ ಕಡೆ ಯಾವುದೋ ಕಾಫಿ ತೋಟದ ಆಫೀಸಲ್ಲೋ ಸಿಂಧನೂರಿನ ರೈಸ್ ಮಿಲ್ಲಲ್ಲೋ, ಮಧ್ಯೆ ಇರೋದು ಬರೀ ಇಂಟರ್ನೆಟ್ಟು. ಇಂಥ ಸೈಟಿಂದ ಬರೋ ಕಂಪ್ಲೇಂಟ್ ಯಾವಾಗ್ಲೂ ಒಂದೇ ಸಾಲು, "ಸಾರ್, ಫೋನ್ ಸರಿಯಿಲ್ಲ". ಐಟಿಯವ್ರು ಕೊಡೋ ಉತ್ತರಾನೂ ಒಂದೇ, ರೂಟರ್ ಆಫ್ ಮಾಡಿ ಆನ್ ಮಾಡಿ. ಅದು ಕೆಲವು ಸಲ ಕೆಲ್ಸ ಮಾಡುತ್ತೆ, ಎರಡು ದಿನ ಬಿಟ್ಟು ಮತ್ತೆ ಶುರು, ಕೊನೆಗೆ ಸೈಟಿನವ್ರು ಹೇಳೋದನ್ನೇ ಬಿಟ್ಟು ಸ್ವಂತ ಮೊಬೈಲ್ ಹಿಡ್ಕೊಂಡು ಸಿಗ್ನಲ್ ಸಿಗೋ ಜಾಗಕ್ಕೆ ಹೋಗಿ ನಿಂತು ಸ್ವಂತ ರೀಚಾರ್ಜಲ್ಲಿ ಆಫೀಸ್ ಕೆಲ್ಸ ಮಾಡ್ತಿರ್ತಾರೆ. ಇದು ಆಗಬಾರ್ದು. ದನಿ ಹೇಗೆ ಕೆಟ್ಟಿದೆ ಅಂತ ಸರಿಯಾಗಿ ಕೇಳಿ ತಿಳ್ಕೊಂಡ್ರೆ ಎಲ್ಲಿ ಕೆಟ್ಟಿದೆ ಅನ್ನೋದು ಮುಕ್ಕಾಲು ಪಾಲು ಅಲ್ಲೇ ಗೊತ್ತಾಗುತ್ತೆ.

ಮೊದ್ಲು ಇದೊಂದು ತಲೇಲಿ ಇಟ್ಕೊಳ್ಳಿ. ಫೋನ್ ರಿಂಗ್ ಆಗೋದು, ಎತ್ತೋದು, ಇಡೋದು ಇದೆಲ್ಲ ಸಿಪ್ ಅನ್ನೋ ಮೆಸೇಜುಗಳ ಕೆಲ್ಸ, ಸಾಮಾನ್ಯವಾಗಿ 5060 ನಂಬರಿನ ಪೋರ್ಟಲ್ಲಿ (ನೆಟ್‌ವರ್ಕಿನ ಬಾಗಿಲು ಇದ್ದ ಹಾಗೆ) ಹೋಗುತ್ತೆ. ಮಾತು ಹೋಗೋದು ಆರ್‌ಟಿಪಿ ಅನ್ನೋ ಬೇರೆ ಪ್ಯಾಕೆಟ್‌ಗಳಲ್ಲಿ, ಬೇರೆ ಪೋರ್ಟ್‌ಗಳಲ್ಲಿ, ಒಂದೊಂದರಲ್ಲಿ 20 ಮಿಲಿಸೆಕೆಂಡಿನಷ್ಟು ದನಿ, ಅಂದ್ರೆ ಸೆಕೆಂಡಿಗೆ 50. ಅದೂ ಹೋಗೋ ದಿಕ್ಕು ಬೇರೆ ಬರೋ ದಿಕ್ಕು ಬೇರೆ. ಹಾಗಾಗಿ ರಿಂಗ್ ಚೆನ್ನಾಗಿ ಆಗ್ತಿದೆ ಅಂದ ಮಾತ್ರಕ್ಕೆ ದನಿ ಹೋಗ್ಲೇಬೇಕು ಅಂತೇನಿಲ್ಲ.

ಮೊದಲ ಹೆಜ್ಜೆ ಕೇಳೋದು. ಸೈಟಲ್ಲಿರೋರ ಹತ್ರ ಜಿಟ್ಟರ್ (ಪ್ಯಾಕೆಟ್ ಬರೋ ಅಂತರ ಏರುಪೇರಾಗೋದು), ಲೇಟೆನ್ಸಿ (ಬರೋಕೆ ಆಗೋ ತಡ) ಅಂತೆಲ್ಲ ಮಾತಾಡ್ಬೇಡಿ, ಹೀಗೆ ಕೇಳಿ: "ರೈಟ್ರೇ, ನಿಮ್ಗೆ ಅವ್ರ ಮಾತು ಕೇಳ್ಸುತ್ತಾ, ಅವ್ರಿಗೆ ನಿಮ್ಮ ಮಾತು ಕೇಳ್ಸುತ್ತಾ?" ತೋಟದ ರೈಟ್ರು (ಲೆಕ್ಕಪತ್ರ ನೋಡ್ಕೊಳ್ಳೋರು) ಹೇಳ್ತಾರೆ, "ನಂಗೆ ಚೆನ್ನಾಗೇ ಕೇಳ್ಸುತ್ತೆ ಸಾರ್, ಆ ಕಡೆಯವ್ರೇ ಹಲೋ ಹಲೋ ಅಂತ ಇಟ್ಬಿಡ್ತಾರೆ". ಇಷ್ಟರಲ್ಲೇ ಗೊತ್ತಾಯ್ತು, ಸೈಟಿಂದ ಹೊರಗೆ ಹೋಗೋ ದಿಕ್ಕಲ್ಲೇ ತೊಂದ್ರೆ. ಆಮೇಲೆ ಎಲ್ಲಾ ಕಾಲಲ್ಲೂ ಹೀಗಾ, ಹೆಡ್ ಆಫೀಸಿಗೆ ಮಾತ್ರಾನಾ, ಹೊರಗಿನ ಮೊಬೈಲಿಗೂನಾ, ದಿನಾ ಒಂದೇ ಹೊತ್ತಿಗಾ ಅಂತ ಕೇಳಿ. ಒಂದು ಕೆಟ್ಟ ಕಾಲ್ ಎಷ್ಟು ಗಂಟೆಗೆ ಆಯ್ತು, ಯಾವ ಎಕ್ಸ್‌ಟೆನ್ಶನ್ನಿಂದ ಯಾವುದಕ್ಕೆ ಅಂತ ಬರೆದಿಡೋಕೆ ಹೇಳಿ, ಇಲ್ದಿದ್ರೆ ಪಿಬಿಎಕ್ಸ್ ಲಾಗಲ್ಲಿ ಅದನ್ನ ಹುಡುಕೋದು ಕಷ್ಟ.

ಎರಡನೇದು ಎಕೋ ಟೆಸ್ಟ್. ಫ್ರೀಪಿಬಿಎಕ್ಸ್ ಅನ್ನೋ ಪಿಬಿಎಕ್ಸ್ ಸಾಫ್ಟ್‌ವೇರ್ ಇದ್ರೆ ಸ್ಟಾರ್ 43 ಒತ್ತಿ ಮಾತಾಡಿ, ನಿಮ್ಮ ಮಾತು ನಿಮ್ಗೇ ವಾಪಸ್ ಬರುತ್ತೆ. ಸ್ವಚ್ಛವಾಗಿ ಬಂದ್ರೆ ಸೈಟಿಂದ ಪಿಬಿಎಕ್ಸ್‌ವರೆಗೆ ಆ ಹೊತ್ತಿಗೆ ದಾರಿ ಸರಿಯಿದೆ, ಹುಡುಕಬೇಕಾದ್ದು ಟ್ರಂಕಲ್ಲೋ (ಪಿಬಿಎಕ್ಸಿಂದ ಹೊರಗಿನ ಫೋನ್ ಕಂಪನಿಗೆ ಹೋಗೋ ಲೈನು) ಇನ್ನೊಂದು ಬ್ರಾಂಚಲ್ಲೋ. ಏನೂ ವಾಪಸ್ ಬರ್ಲಿಲ್ಲ ಅಂದ್ರೆ ಮುಂದಿಂದು ಓದಿ.

ಆದ್ರೆ ನೆಟ್‌ವರ್ಕಿಗೆ ಕೈ ಹಾಕೋ ಮುಂಚೆ ಫೋನಿನ ಹಿಂಭಾಗ ನೋಡಿಸಿ. ತುಂಬಾ ಡೆಸ್ಕ್ ಫೋನ್‌ಗಳಲ್ಲಿ ರಿಸೀವರ್ ವೈರ್ ಹಾಕೋ ತೂತು, ಹೆಡ್‌ಸೆಟ್ ಹಾಕೋ ತೂತು ಎರಡೂ ಒಂದೇ ಅಳತೆ, ಪಕ್ಕಪಕ್ಕದಲ್ಲೇ ಇರುತ್ತೆ, ಚಿಕ್ಕ ಚಿತ್ರ ಬಿಟ್ರೆ ಬೇರೆ ವ್ಯತ್ಯಾಸಾನೇ ಇಲ್ಲ. ಟೇಬಲ್ ಒರೆಸೋವಾಗ ವೈರ್ ಬಿಚ್ಚಿ ತಪ್ಪು ತೂತಿಗೆ ಹಾಕಿದ್ರೆ ರಿಸೀವರಲ್ಲಿ ಒಂಚೂರೂ ದನಿ ಇರಲ್ಲ, ಸ್ಪೀಕರಲ್ಲಿ ಮಾತ್ರ ಸರಿಯಾಗೇ ಬರುತ್ತೆ. ಹಾಗಾಗಿ "ಒಂದ್ಸಲ ಸ್ಪೀಕರ್ ಒತ್ತಿ ಮಾತಾಡಿ ನೋಡಿ" ಅನ್ನೋ ಮಾತು ಅರ್ಧ ದಿನ ಉಳಿಸುತ್ತೆ. ಕರಕರ ಸದ್ದು ಬಂದ್ರೆ ಸುರುಳಿ ವೈರ್ ಬದಲಾಯಿಸಿ. ಫೋನ್ ವೈಫೈಯಲ್ಲಿದ್ರೆ ಕೇಬಲ್‌ಗೆ ಹಾಕಿ ನೋಡಿ.

ಈಗ ಒಂದೇ ಕಡೆ ಕೇಳ್ಸೋ ತೊಂದ್ರೆ, ರಿಮೋಟ್ ಸೈಟ್‌ಗಳನ್ನ ತುಂಬಾ ಕಾಡೋದು ಇದೇ. ಕಾಲ್ ಶುರುವಾಗೋವಾಗ ಪ್ರತಿ ಕಡೆಯವ್ರೂ "ದನಿ ಈ ಅಡ್ರೆಸ್ಸಿಗೆ ಕಳ್ಸಿ" ಅಂತ ಸಿಪ್ ಮೆಸೇಜಿನ ಒಳಗೇ ಬರೆದು ಕಳಿಸ್ತಾರೆ. ಅಲ್ಲಿ 192.168ರಿಂದ ಶುರುವಾಗೋ ಲೋಕಲ್ ಅಡ್ರೆಸ್ ಹೋಗ್ಬಿಟ್ರೆ ಅದು ಕಾಗದದ ಮೇಲೆ ಊರು ಬರೀದೆ ಬರೀ "ತೋಟದ ಮನೆ" ಅಂತ ಬರೆದ ಹಾಗೆ, ಹೊರಗಿನ ಇಂಟರ್ನೆಟ್ಟಿಗೆ ಅದು ಎಲ್ಲಿದೆ ಅಂತ ಗೊತ್ತಾಗಲ್ಲ, ದನಿ ದಾರೀಲೇ ಕಳೆದು ಹೋಗುತ್ತೆ.

ಇದಕ್ಕೆ ನೋಡಬೇಕಾದ್ದು ಮೂರ್ನಾಲ್ಕು ಜಾಗ. ಸೈಟಿನ ರೂಟರಲ್ಲಿ ಸಿಪ್ ಎಎಲ್‌ಜಿ ಅಂತ ಒಂದು ಸೆಟ್ಟಿಂಗ್ ಇರುತ್ತೆ, ಸಹಾಯ ಮಾಡೋಕೆ ಅಂತಾನೇ ಇಟ್ಟಿದ್ದು, ಸಿಪ್ ಮೆಸೇಜ್ ಒಳಗಿನ ಅಡ್ರೆಸ್ ತಾನೇ ತಿದ್ದುತ್ತೆ, ಆದ್ರೆ ಎಷ್ಟೋ ರೂಟರ್‌ಗಳಲ್ಲಿ ಅದು ತಪ್ಪಾಗಿ ತಿದ್ದಿ ಇನ್ನಷ್ಟು ಹಾಳ್ಮಾಡುತ್ತೆ. ಆಫ್ ಮಾಡಿ, ರೂಟರ್ ಮತ್ತೆ ಫೋನ್ ಎರಡನ್ನೂ ರೀಸ್ಟಾರ್ಟ್ ಮಾಡಿ. ಆಫ್ ಮಾಡೋಕೆ ಆಪ್ಶನ್ನೇ ಕಾಣದ ರೂಟರ್ ಆದ್ರೆ ಸಿಪ್ ಅನ್ನ ಟಿಎಲ್‌ಎಸ್‌ಗೆ ಹಾಕಿ, 5061 ಪೋರ್ಟು, ಎನ್‌ಕ್ರಿಪ್ಟ್ ಆಗಿರೋ ಮೆಸೇಜನ್ನ ರೂಟರ್ ಓದೋಕೂ ಆಗಲ್ಲ ತಿದ್ದೋಕೂ ಆಗಲ್ಲ. ಆಮೇಲೆ ಹೆಡ್ ಆಫೀಸ್ ಫೈರ್‌ವಾಲಲ್ಲಿ ಆರ್‌ಟಿಪಿ ಪೋರ್ಟ್‌ಗಳು ಬಿಟ್ಟಿದ್ದಾರಾ ನೋಡಿ, ಫ್ರೀಪಿಬಿಎಕ್ಸಲ್ಲಿ ಮೊದ್ಲಿಂದ ಇರೋದು ಯುಡಿಪಿ 10000ರಿಂದ 20000. ಬರೀ 5060 ಓಪನ್ ಮಾಡಿ ಇದನ್ನ ಮರೆತಿದ್ರೆ ರಿಂಗ್ ಆಗುತ್ತೆ ದನಿ ಇರಲ್ಲ.

ಸೈಟಿಗೆ ವಿಪಿಎನ್ (ಇಂಟರ್ನೆಟ್ ಮೇಲೇ ಹೆಡ್ ಆಫೀಸಿಗೆ ಹಾಕೋ ಖಾಸಗಿ ದಾರಿ) ಹಾಕಿದ್ರೆ ಇನ್ನೊಂದು ಕಡೆ ಸಿಕ್ಕಾಕೊಳ್ತೀರ. ಹೊಸ ಸೈಟಿನ ನೆಟ್‌ವರ್ಕ್ ರೇಂಜನ್ನ ಪಿಬಿಎಕ್ಸಿನ ಲೋಕಲ್ ನೆಟ್‌ವರ್ಕ್ಸ್ ಪಟ್ಟಿಗೆ ಸೇರಿಸಿಲ್ಲ ಅಂದ್ರೆ ಪಿಬಿಎಕ್ಸ್ ಆ ಫೋನನ್ನ ಹೊರಗಿನದು ಅಂದ್ಕೊಂಡು ತನ್ನ ಪಬ್ಲಿಕ್ ಅಡ್ರೆಸ್ ಕೊಡುತ್ತೆ, ಫೋನ್ ಪಾಪ ದನೀನ ವಿಪಿಎನ್ ಬಿಟ್ಟು ಆ ಅಡ್ರೆಸ್ಸಿಗೆ ಕಳಿಸ್ತಾ ಕೂರುತ್ತೆ. ರೈಟ್ರಿಗೆ ಕೇಳಿಸೋದು, ಆ ಕಡೆಯವ್ರಿಗೆ ಕೇಳಿಸದೇ ಇರೋದು, ಮೇಲೆ ಹೇಳಿದ್ದು ಹೀಗೇ ಆಗುತ್ತೆ. ಎರಡೂ ಕಡೆ 192.168.1 ರೇಂಜೇ ಇಟ್ಕೊಂಡಿದ್ರಂತೂ ಮೊದ್ಲು ಸೈಟಿಂದು ಬದಲಾಯಿಸಿ, ಅದನ್ನ ಹಾಗೇ ಬಿಟ್ಟು ಬೇರೆ ಏನು ಮಾಡಿದ್ರೂ ತಲೆನೋವು ತಪ್ಪಲ್ಲ.

ಕಾಲ್ ಸರಿಯಾಗಿ 32 ಸೆಕೆಂಡಿಗೆ ಕಟ್ ಆಗ್ತಿದ್ರೆ ಅದೂ ಇದೇ ಜಾತಿ. ಫೋನ್ ಎತ್ತಿದ ಕಡೆಯಿಂದ ಹೋದ ಓಕೆಗೆ ಮರು ಉತ್ತರ ಬರ್ಬೇಕು, ಬರ್ಲಿಲ್ಲ ಅಂದ್ರೆ ಸಿಪ್ ನಿಯಮದ ಪ್ರಕಾರ 32 ಸೆಕೆಂಡ್ ಕಾದು ಇಟ್ಬಿಡುತ್ತೆ. ಅದಕ್ಕೇ ಟೆಸ್ಟ್ ಕಾಲ್ ಒಂದು ನಿಮಿಷಕ್ಕಿಂತ ಜಾಸ್ತಿ ಮಾತಾಡಿ.

ದನಿ ಎರಡೂ ಕಡೆ ಹೋಗುತ್ತೆ ಆದ್ರೆ ಕಟ್ ಕಟ್ ಆಗುತ್ತೆ, ರೋಬೋ ಥರ ಕೇಳ್ಸುತ್ತೆ ಅಂದ್ರೆ ಅಡ್ರೆಸ್ ಸರಿಯಿದೆ, ಲೈನ್ ಮೇಲೆ ಜಗಳ ನಡೀತಿದೆ. ಜಿ.711 ಕೋಡೆಕಲ್ಲಿ (ದನೀನ ಡಿಜಿಟಲ್ ಮಾಡೋ ಒಂದು ವಿಧಾನ) ಒಂದು ಕಾಲಿಗೆ ಪ್ರತಿ ದಿಕ್ಕಲ್ಲಿ ಸುಮಾರು 87 ಕೆಬಿಪಿಎಸ್ ಸಾಕು, ಐದು ಕಾಲ್ ಒಟ್ಟಿಗೆ ಇದ್ರೂ ಅರ್ಧ ಎಂಬಿಪಿಎಸ್ ಆಗಲ್ಲ, ಹಾಗಾಗಿ "ಪ್ಲಾನ್ ದೊಡ್ಡದು ತಗೊಳ್ಳಿ" ಅನ್ನೋ ಸಲಹೆಗೆ ಬೇಗ ದುಡ್ಡು ಕೊಡ್ಬೇಡಿ. ಸ್ಪೀಡ್ ಟೆಸ್ಟಲ್ಲಿ ಎಲ್ರೂ ನೋಡೋದು ಡೌನ್‌ಲೋಡು, ಒದ್ದಾಡೋದು ಅಪ್‌ಲೋಡು. ಸಿಸಿಟಿವಿ ರೆಕಾರ್ಡಿಂಗ್ ಕ್ಲೌಡಿಗೆ ಹೋಗ್ತಿರುತ್ತೆ, ಯಾರದೋ ಮೊಬೈಲ್ ಫೋಟೋ ಬ್ಯಾಕಪ್ ಆಗ್ತಿರುತ್ತೆ, ಮಾತಿನ ಪ್ಯಾಕೆಟ್ ಅದ್ರ ಹಿಂದೆ ಕ್ಯೂನಲ್ಲಿ ನಿಂತಿರುತ್ತೆ.

ಪರೀಕ್ಷೆ ಸುಲಭ. ಸೈಟಿನ ಕಂಪ್ಯೂಟರಿಂದ ಹೆಡ್ ಆಫೀಸಿಗೆ ಬಿಡದೆ ಪಿಂಗ್ (ಹೋಗಿ ಬರೋಕೆ ಹಿಡಿಯೋ ಹೊತ್ತು ಅಳೆಯೋ ಕಮಾಂಡ್) ಹಾಕಿ, ಹಾಗೇ ಒಂದು ದೊಡ್ಡ ಫೈಲ್ ಅಪ್‌ಲೋಡಿಗೆ ಬಿಡಿ. 40 ಮಿಲಿಸೆಕೆಂಡ್ ಇದ್ದದ್ದು 500, 600ಕ್ಕೆ ಹಾರಿದ್ರೆ ಕಳ್ಳ ಸಿಕ್ಕ. ರೂಟರಲ್ಲಿ ಅಪ್‌ಲೋಡ್ ಮಿತೀನ ನಿಜವಾಗ್ಲೂ ಸಿಗೋದಕ್ಕಿಂತ ಹತ್ತು ಪರ್ಸೆಂಟ್ ಕಮ್ಮಿ ಇಡಿ, ಡಿಎಸ್‌ಸಿಪಿ 46 ಅನ್ನೋ ಗುರುತಿರೋ ಮಾತಿನ ಪ್ಯಾಕೆಟ್‌ಗಳನ್ನ ಮೊದ್ಲು ಬಿಡೋ ಹಾಗೆ ಕ್ಯೂಒಎಸ್ ಹಾಕಿ. ಆ ಗುರುತಿಗೆ ಇಂಟರ್ನೆಟ್ಟಿನ ಉದ್ದಕ್ಕೂ ಬೆಲೆ ಸಿಗುತ್ತೆ ಅಂತ ನಂಬ್ಕೋಬೇಡಿ, ಆದ್ರೆ ನೂಕುನುಗ್ಗಲು ಇರೋದು ನಿಮ್ಮ ರೂಟರಲ್ಲೇ ಆದ್ರಿಂದ ಅಲ್ಲಿ ಸಿಕ್ಕಿದ್ರೂ ದೊಡ್ಡ ವ್ಯತ್ಯಾಸ ಕಾಣುತ್ತೆ. 4ಜಿ ರೂಟರ್ ಮೇಲೇ ನಡೆಯೋ ಸೈಟಾದ್ರೆ ಜಿ.729 ಹಾಕಿ ನೋಡಿ, ಸುಮಾರು 31 ಕೆಬಿಪಿಎಸ್‌ಗೆ ಮುಗಿಯುತ್ತೆ, ದನಿ ಸ್ವಲ್ಪ ಒಣಕಲು ಅಷ್ಟೇ. ಪ್ಯಾಕೆಟ್ ಲಾಸ್ 1 ಪರ್ಸೆಂಟ್, ಜಿಟ್ಟರ್ 30 ಮಿಲಿಸೆಕೆಂಡ್ ದಾಟಬಾರ್ದು ಅನ್ನೋದು ಸಾಮಾನ್ಯ ಲೆಕ್ಕ, ಕಾಲ್ ನಡೀತಿರೋವಾಗ ತುಂಬಾ ಫೋನ್‌ಗಳ ಸ್ಟೇಟಸ್ ಪೇಜಲ್ಲೇ ಇವೆರಡೂ ಕಾಣುತ್ತೆ. ಪ್ರತಿ ಫೋನ್ ತೋರ್ಸೋದು ತನಗೆ ಬಂದ ದನಿಯ ಲೆಕ್ಕ, ಹಾಗಾಗಿ ಎರಡೂ ಕಡೆ ಓದಿ.

ಮಾತು ತಡವಾಗಿ ಬಂದು ಒಬ್ರ ಮೇಲೊಬ್ರು ಮಾತಾಡ್ತಿದ್ರೆ ಅದು ಬೇರೆ ಕಥೆ. ಒಂದು ದಿಕ್ಕಿಗೆ 150 ಮಿಲಿಸೆಕೆಂಡ್‌ವರೆಗೆ ಯಾರಿಗೂ ಗೊತ್ತಾಗಲ್ಲ, 400 ದಾಟಿದ್ರೆ ಮಾತಾಡೋದೇ ಹಿಂಸೆ. ಸೈಟು ವಿಸ್ಯಾಟ್ (ಡಿಶ್ ಇಟ್ಟು ಉಪಗ್ರಹದಿಂದ ತಗೊಳ್ಳೋ ಇಂಟರ್ನೆಟ್) ಮೇಲಿದ್ರೆ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಹೋಗಿ ಬರೋಕೇ ಕಾಲು ಸೆಕೆಂಡ್ ಬೇಕು, ಇದಕ್ಕೆ ಯಾವ ಸೆಟ್ಟಿಂಗೂ ಇಲ್ಲ, ಬಳಸೋರಿಗೆ ನೇರವಾಗಿ ಹೇಳಿಬಿಡಿ. ಕ್ಲೌಡ್ ಪಿಬಿಎಕ್ಸ್ ಅಮೆರಿಕದಲ್ಲಿದ್ರೆ ಮುಂಬೈಗೆ ತರ್ಸಿ, ಅದು ನಮ್ಮ ಕೈಲಿರೋದು.

ತನ್ನ ಮಾತು ತನಗೇ ವಾಪಸ್ ಕೇಳ್ಸುತ್ತೆ ಅಂತ ಯಾರು ಹೇಳ್ತಾರೋ ಅವ್ರ ಫೋನ್ ಬಿಚ್ಚೋಕೆ ಹೋಗ್ಬೇಡಿ, ಸಾಮಾನ್ಯವಾಗಿ ತೊಂದ್ರೆ ಇರೋದು ಎದುರಿನವ್ರ ಕಡೆ. ಅಲ್ಲಿ ಸ್ಪೀಕರ್ ದನಿ ಮೈಕಿಗೆ ಹೋಗ್ತಿರುತ್ತೆ, ಅವ್ರ ವಾಲ್ಯೂಮ್ ತಗ್ಗಿಸಿ, ರಿಸೀವರಲ್ಲಿ ಮಾತಾಡೋಕೆ ಹೇಳಿ.

ಇಷ್ಟಾದ್ರೂ ಸಿಗ್ಲಿಲ್ಲ ಅಂದ್ರೆ ಪಿಬಿಎಕ್ಸಲ್ಲಿ ಪ್ಯಾಕೆಟ್ ಕ್ಯಾಪ್ಚರ್ (ಹೋಗಿ ಬರೋ ಪ್ಯಾಕೆಟ್‌ಗಳ ರೆಕಾರ್ಡಿಂಗ್) ತಗೊಂಡು ವೈರ್‌ಶಾರ್ಕ್ ಅನ್ನೋ ಸಾಫ್ಟ್‌ವೇರಲ್ಲಿ ತೆರೀರಿ, ಟೆಲಿಫೋನಿ ಮೆನುವಲ್ಲಿ ಆರ್‌ಟಿಪಿ ಸ್ಟ್ರೀಮ್ಸ್ ಅಂತ ಇದೆ. ಎರಡು ದಿಕ್ಕಿಗೂ ಒಂದೊಂದು ಸಾಲು ಕಾಣ್ಬೇಕು, ಒಂದೇ ಇದ್ರೆ ಯಾವ ದಿಕ್ಕು ಸತ್ತಿದೆ ಅಂತ ಕಣ್ಣಿಗೇ ಕಾಣುತ್ತೆ. ಲಾಸ್ ಜಾಸ್ತಿ ಇದ್ರೆ ಆ ಸ್ಕ್ರೀನ್‌ಶಾಟ್ ಇಂಟರ್ನೆಟ್ ಕೊಟ್ಟೋರಿಗೆ ಕಳಿಸಿ, ಬರೀ "ವಾಯ್ಸ್ ಸರಿಯಿಲ್ಲ" ಅಂತ ಬರೆದ ಕಂಪ್ಲೇಂಟ್ ಅವ್ರು ಎರಡೇ ದಿನಕ್ಕೆ ಕ್ಲೋಸ್ ಮಾಡ್ತಾರೆ.

ಸರಿ ಮಾಡಿದ್ಮೇಲೆ ಸಿಸಿಟಿವಿ ಆನ್ ಇರೋವಾಗ್ಲೇ, ಕೆಲ್ಸ ಜೋರಾಗಿರೋ ಹೊತ್ತಲ್ಲೇ ಮತ್ತೆ ಟೆಸ್ಟ್ ಮಾಡಿ. ರೂಟರಿನ ಸೆಟ್ಟಿಂಗ್ ಪೇಜುಗಳ ಫೋಟೋ ತೆಗೆದಿಡಿ, ಯಾಕಂದ್ರೆ ಸಿಡಿಲು ಬಡಿದು ಹೊಸ ರೂಟರ್ ಬಂದ ದಿನ ಅಥವಾ ಫರ್ಮ್‌ವೇರ್ ಅಪ್‌ಡೇಟ್ ಆದ ದಿನ ಎಎಲ್‌ಜಿ ಮತ್ತೆ ಆನ್ ಆಗಿರೋ ಸಾಧ್ಯತೆ ತುಂಬಾ ಇರುತ್ತೆ.