ಮೊದಲು ಕಾಗದ, ಆಮೇಲೆ ಫೈಲು: ಪುಸ್ತಕಕ್ಕೆ ಫೋಟೋ ಮತ್ತು ಚಿತ್ರ ಸಿದ್ಧಮಾಡುವ ಬಗೆ

ಬಾದಾಮಿಯ ಮೂರನೇ ಗುಹೆಯ ವಿಷ್ಣು ಫೋನಿನ ಪರದೆಯ ಮೇಲೆ ಕೆಂಡದ ಹಾಗೆ ಹೊಳೆಯುತ್ತಾನೆ. ಅದೇ ಚಿತ್ರ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್ಲಿಥೋ ಕಾಗದದ ಮೇಲೆ ಅಚ್ಚಾಗಿ ಬಂದಾಗ ಮುಖ ಯಾವುದು, ಕಿರೀಟ ಯಾವುದು ಗೊತ್ತಾಗದಷ್ಟು ಕಪ್ಪಿಟ್ಟಿರುತ್ತದೆ. ಬೈಗುಳ ಪ್ರೆಸ್ಸಿನವರಿಗೆ ಬೀಳುತ್ತದೆ. ತಪ್ಪು ಮಾತ್ರ ಹೆಚ್ಚಿನ ಸಲ ಫೈಲಿನಲ್ಲೇ ಇರುತ್ತದೆ. ಮ್ಯಾಪ್ಲಿಥೋಗೆ ಮೇಲ್ಲೇಪ ಇಲ್ಲ, ಅದು ಶಾಯಿ ಹೀರುತ್ತದೆ, ಚಿತ್ರ ಮೂಡಿಸುವ ಶಾಯಿಯ ಸಣ್ಣ ಚುಕ್ಕೆ ಹರಡುತ್ತದೆ. ಫೈಲಿನಲ್ಲಿ 50% ಇದ್ದ ಚುಕ್ಕೆ ಕಾಗದಕ್ಕೆ ಬರುವ ಹೊತ್ತಿಗೆ 70%ರ ಆಸುಪಾಸು ಆಗಿರುತ್ತದೆ. ಲೇಪವಿರುವ ನುಣುಪು ಕಾಗದವಾದ ಆರ್ಟ್ ಪೇಪರ್ ಮೇಲೆ ಈ ಹರಡುವಿಕೆ ಕಡಿಮೆ. ಅದಕ್ಕೇ ಕಾಗದ ಯಾವುದು ಅಂತ ಗೊತ್ತಾಗುವ ತನಕ ಫೋಟೋದ ಬಣ್ಣಕ್ಕೆ ಕೈ ಹಚ್ಚಬೇಡಿ.

ಪ್ರೆಸ್ಸಿಗೆ ಹೋದಾಗ ಇಷ್ಟು ಕೇಳಿಕೊಂಡು ಬನ್ನಿ: ಕಾಗದ ಯಾವುದು, ಎಷ್ಟು ಜಿಎಸ್‌ಎಂ, ಕಟಿಂಗ್ ಆದ ಮೇಲೆ ಪುಟದ ಅಳತೆ ಎಷ್ಟು, ಒಳಪುಟ ಒಂದೇ ಬಣ್ಣವೋ ನಾಲ್ಕು ಬಣ್ಣವೋ, ಪರ್ಫೆಕ್ಟ್ ಬೈಂಡಿಂಗೋ (ಬೆನ್ನಿಗೆ ಅಂಟು ಹಚ್ಚುವುದು) ಹೊಲಿಗೆಯೋ, ಅವರು ಬಳಸುವ ಐಸಿಸಿ ಪ್ರೊಫೈಲ್ (ಆ ಕಾಗದ, ಶಾಯಿಯಲ್ಲಿ ಬಣ್ಣ ಹೇಗೆ ಬರುತ್ತದೆ ಅಂತ ಹೇಳುವ ಫೈಲು) ಯಾವುದು. ಬಣ್ಣದ ಚಿತ್ರ ಹತ್ತಿಪ್ಪತ್ತೇ ಇದ್ದರೆ ಪುಸ್ತಕದ ತುಂಬ ಹರಡದೆ 8 ಅಥವಾ 16 ಪುಟದ ಒಂದು ಫಾರಂ (ಒಟ್ಟಿಗೆ ಅಚ್ಚಾಗಿ ಮಡಿಸುವ ಪುಟಗಳ ಕಟ್ಟು) ಮಾಡಿ ಆರ್ಟ್ ಪೇಪರ್ ಮೇಲೆ ಹಾಕಿಸಿ. ಖರ್ಚೂ ಇಳಿಯುತ್ತದೆ, ಚಿತ್ರವೂ ಉಳಿಯುತ್ತದೆ.

ಇನ್ನು ಅಳತೆ. ಅಚ್ಚಾಗುವ ಗಾತ್ರದಲ್ಲಿ ಪ್ರತಿ ಇಂಚಿಗೆ 300 ಪಿಕ್ಸೆಲ್ ಬೇಕು. ಡೆಮ್ಮಿ 1/8 ಪುಸ್ತಕದ ಪುಟ ಸುಮಾರು 140 × 216 ಮಿ.ಮೀ. ಅಕ್ಷರದ ಅಂಕಣದಷ್ಟೇ ಅಗಲದ, ಅಂದರೆ 4.25 ಇಂಚಿನ ಫೋಟೋಗೆ 1275 ಪಿಕ್ಸೆಲ್ ಸಾಕು. ಪುಟದ ಅಂಚಿನವರೆಗೂ ಹರಡುವ ಚಿತ್ರಕ್ಕೆ ನಾಲ್ಕೂ ಕಡೆ 3 ಮಿ.ಮೀ. ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು) ಸೇರಿಸಿ 146 × 222 ಮಿ.ಮೀ., ಅಂದರೆ ಸುಮಾರು 1725 × 2625 ಪಿಕ್ಸೆಲ್ ಬೇಕು. ಬ್ಲೀಡ್ ಬಿಡದಿದ್ದರೆ ಕಟಿಂಗ್ ಬ್ಲೇಡು ಕೂದಲೆಳೆ ಅತ್ತಿತ್ತ ಸರಿದರೂ ಅಂಚಿನಲ್ಲಿ ಬಿಳಿ ಗೆರೆ ಕಾಣುತ್ತದೆ.

12 ಮೆಗಾಪಿಕ್ಸೆಲ್ ಫೋನಿನ ಮೂಲ ಫೋಟೋ 4000 × 3000 ಇರುತ್ತದೆ, ಇಡೀ ಪುಟಕ್ಕೆ ಧಾರಾಳ ಸಾಕು. ತೊಂದರೆ ಇರುವುದು ಅದು ವಾಟ್ಸಾಪ್‌ನಲ್ಲಿ ಬಂದಾಗ. ಸಾಮಾನ್ಯ ಫೋಟೋ ಆಗಿ ಕಳಿಸಿದರೆ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. ಲೆಕ್ಕಕ್ಕೆ ಸಣ್ಣ ಚಿತ್ರಕ್ಕೆ ಸಾಲುತ್ತದೆ ಅನಿಸಬಹುದು. ಆದರೆ ಜೆಪೆಗ್ ಫೈಲನ್ನು ಕುಗ್ಗಿಸಿದ್ದಕ್ಕೆ ಕಲ್ಲಿನ ಕೆತ್ತನೆಯ ಸಣ್ಣ ಗೆರೆಗಳು ಕಲಸಿಹೋಗಿರುತ್ತವೆ, ಆಕಾಶದಲ್ಲಿ ಚೌಕ ಚೌಕ ಕಾಣುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲವೇ ಪೆನ್‌ಡ್ರೈವ್ ತರಿಸಿಕೊಳ್ಳಿ.

ಫೋಟೋಶಾಪ್‌ನ ಇಮೇಜ್ ಸೈಜ್‌ನಲ್ಲಿ ರೀಸ್ಯಾಂಪಲ್ ಗುರುತು ತೆಗೆದು 300 ಅಂತ ಹಾಕಿದರೆ ಆ ಫೋಟೋ ನಿಜವಾಗಿ ಎಷ್ಟು ಇಂಚಿಗೆ ತಾಳುತ್ತದೆ ಅಂತ ತಿಳಿಯುತ್ತದೆ. ಗುರುತು ಹಾಗೇ ಬಿಟ್ಟು 72 ಇದ್ದದ್ದನ್ನು 300 ಮಾಡಿದರೆ ಇಲ್ಲದ ಪಿಕ್ಸೆಲ್ ಹುಟ್ಟುತ್ತವೆ, ಸ್ಪಷ್ಟತೆ ಹುಟ್ಟುವುದಿಲ್ಲ. ಎಐನಿಂದ ಹಿಗ್ಗಿಸುವ ಆ್ಯಪ್‌ಗಳ ಬಗ್ಗೆ ಒಂದು ಮಾತು: ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಂಥ ಬರಹಕ್ಕೆ ಅವನ್ನು ಖಂಡಿತ ಬಳಸಬೇಡಿ. ಅದು ಅಕ್ಷರವನ್ನು ಓದುವುದಿಲ್ಲ, ಊಹಿಸಿ ಹೊಸ ಗೆರೆ ಎಳೆಯುತ್ತದೆ. ಓದುಗ ಆ ಗೆರೆಯನ್ನೇ ಶಾಸನ ಅಂತ ನಂಬುತ್ತಾನೆ. ಅದರ ಬದಲು ಬೆಳಿಗ್ಗೆ ಅಥವಾ ಸಂಜೆ, ಬೆಳಕು ಪಕ್ಕದಿಂದ ಬೀಳುವಾಗ ಮತ್ತೊಮ್ಮೆ ಫೋಟೋ ತೆಗೆಯಿರಿ. ಅಕ್ಷರದ ಗುಳಿಯಲ್ಲಿ ನೆರಳು ನಿಂತು ಬರಹ ತಾನಾಗಿ ಎದ್ದು ಕಾಣುತ್ತದೆ.

ಫೋಟೋ ತಿದ್ದುವ ಕ್ರಮ ತಪ್ಪಿದರೆ ಮಾಡಿದ ಕೆಲಸ ಕೆಡುತ್ತದೆ. ಮೂಲ ಫೈಲು ಬದಿಗಿಟ್ಟು ನಕಲಿನ ಮೇಲೆ ಕೆಲಸ ಮಾಡಿ. ಮೊದಲು ಓರೆ ತಿದ್ದಿ, ಬೇಕಾದ ಗಾತ್ರಕ್ಕೆ ಕತ್ತರಿಸಿ. ಆಮೇಲೆ ನೆರಳಿನ ಭಾಗ ತೆರೆಯಿರಿ. ಬೆಳಗಾವಿ ಕೋಟೆಯ ಕಮಲ ಬಸದಿಯ ಒಳಗಿನ ಕಂಬಗಳಂಥ ಮಬ್ಬು ಬೆಳಕಿನ ಚಿತ್ರಗಳಿಗೆ ಈ ಹಂತವೇ ಜೀವ. ಒಂದೇ ಬಣ್ಣದ ಪುಸ್ತಕವಾದರೆ ಗ್ರೇಸ್ಕೇಲ್ ಮಾಡಿ, ಲೆವೆಲ್ಸ್‌ನ ಔಟ್‌ಪುಟ್‌ನಲ್ಲಿ 0 ಮತ್ತು 255ರ ಬದಲು 20 ಮತ್ತು 245 ಕೊಡಿ. ಹೀಗೆ ಅತಿ ಕಪ್ಪು ಸುಮಾರು 92% ಶಾಯಿಗೆ, ಅತಿ ಬಿಳಿ 4% ಶಾಯಿಗೆ ನಿಲ್ಲುತ್ತದೆ. ನೆರಳು ಗಟ್ಟಿ ಕಪ್ಪಾಗುವುದಿಲ್ಲ, ಬಿಳಿ ಗೋಡೆ ಬರೀ ಕಾಗದವಾಗುವುದಿಲ್ಲ. ಶಾರ್ಪನ್ ಮಾಡುವುದು ಕೊನೆಗೆ, ಅದೂ ಅಂತಿಮ ಗಾತ್ರದಲ್ಲಿ ಮಾತ್ರ: ಅನ್‌ಶಾರ್ಪ್ ಮಾಸ್ಕ್‌ನಲ್ಲಿ ಅಮೌಂಟ್ 100ರಿಂದ 150, ರೇಡಿಯಸ್ 1ರಿಂದ 1.5, ಥ್ರೆಶೋಲ್ಡ್ 3. ಟಿಫ್ ಆಗಿ, ಎಲ್‌ಝಡ್‌ಡಬ್ಲ್ಯು (ವಿವರ ಕಳೆಯದೆ ಫೈಲು ಕುಗ್ಗಿಸುವ ಬಗೆ) ಆರಿಸಿ ಉಳಿಸಿ. ಜೆಪೆಗ್ ಅನ್ನು ತೆರೆದು ತಿದ್ದಿ ಉಳಿಸಿದ ಪ್ರತಿ ಸಲವೂ ಒಂದಿಷ್ಟು ವಿವರ ಹೋಗುತ್ತದೆ.

ನಾಲ್ಕು ಬಣ್ಣಕ್ಕಾದರೆ ತಿದ್ದುವ ಕೆಲಸವೆಲ್ಲ ಆರ್‌ಜಿಬಿಯಲ್ಲಿ (ಪರದೆಯ ಕೆಂಪು, ಹಸಿರು, ನೀಲಿ) ಮುಗಿಸಿ, ಕಡೆಗೆ ಒಂದೇ ಸಲ ಸಿಎಂವೈಕೆಗೆ (ಅಚ್ಚಿನ ನಾಲ್ಕು ಶಾಯಿ: ಸಯಾನ್, ಮಜೆಂಟಾ, ಹಳದಿ, ಕಪ್ಪು) ಪರಿವರ್ತಿಸಿ. ಆರ್ಟ್ ಪೇಪರಿಗೆ ಫೋಗ್ರಾ39 ಪ್ರೊಫೈಲ್, ಮ್ಯಾಪ್ಲಿಥೋಗೆ ಲೇಪವಿಲ್ಲದ ಕಾಗದದ ಪ್ರೊಫೈಲ್. ನಾಲ್ಕೂ ಶಾಯಿ ಕೂಡಿ ಆರ್ಟ್ ಪೇಪರ್ ಮೇಲೆ 300–330%, ಮ್ಯಾಪ್ಲಿಥೋ ಮೇಲೆ 280% ದಾಟದಿರಲಿ. ದಾಟಿದರೆ ಶಾಯಿ ಒಣಗದೆ ಮೇಲೆ ಬೀಳುವ ಹಾಳೆಯ ಬೆನ್ನಿಗೆ ಹತ್ತುತ್ತದೆ. ಸರಿಯಾದ ಪ್ರೊಫೈಲ್ ಹಾಕಿದರೆ ಚುಕ್ಕೆ ಹರಡುವ ಲೆಕ್ಕ ಅದರೊಳಗೇ ಬಂದಿರುತ್ತದೆ. ಅದರ ಮೇಲೆ ಮತ್ತೆ ಅಂದಾಜಿನಲ್ಲಿ ತಿಳಿ ಮಾಡಿದರೆ ಚಿತ್ರ ಬಿಳಿಚಿಕೊಳ್ಳುತ್ತದೆ. ಇಳಕಲ್ ಸೀರೆಯ ಕೆಂಪು ಸೆರಗು, ಹಚ್ಚಹಸಿರು, ಕಡುನೀಲಿ ಪರದೆಯಲ್ಲಿ ಕಂಡಷ್ಟು ಕಾಗದಕ್ಕೆ ಬರುವುದಿಲ್ಲ. ಶುರುವಿನಿಂದಲೇ ಸಾಫ್ಟ್ ಪ್ರೂಫ್ (ಅಚ್ಚಿನ ಬಣ್ಣವನ್ನು ಪರದೆಯಲ್ಲೇ ತೋರಿಸುವ ನೋಟ) ಹಾಕಿಕೊಂಡು ನೋಡುತ್ತ ತಿದ್ದಿದರೆ ಕಡೆಯಲ್ಲಿ ಎದೆ ಒಡೆಯುವುದಿಲ್ಲ.

ಗೆರೆಯ ಚಿತ್ರದ ದಾರಿ ಬೇರೆ. ಕಸೂತಿಯ ಗವಂತಿ ಹೊಲಿಗೆಯ ಗೋಪುರವೊಂದನ್ನು ಕಂಪ್ಯೂಟರಿನಲ್ಲಿ ಬಿಡಿಸಿದ್ದೀರಿ ಅನ್ನಿ. ಗೆರೆಗೆ ಹೇರ್‌ಲೈನ್ (ಯಂತ್ರ ಮೂಡಿಸಬಲ್ಲ ಅತಿ ಸಣ್ಣ ಗೆರೆ) ಅಂತ ಬಿಟ್ಟಿದ್ದೀರಿ. 600 ಡಿಪಿಐ (ಇಂಚಿಗೆ 600 ಚುಕ್ಕೆ) ಲೇಸರ್ ಪ್ರಿಂಟಿನಲ್ಲಿ ಅದು ಒಂದು ಚುಕ್ಕೆಯಷ್ಟು, ಅಂದರೆ 0.04 ಮಿ.ಮೀ. ದಪ್ಪ ಬಂದು ಕಣ್ಣಿಗೆ ಕಾಣುತ್ತದೆ. ಪ್ರೆಸ್ಸಿನಲ್ಲಿ ಅಚ್ಚು ಒತ್ತುವ 2400 ಡಿಪಿಐ ಪ್ಲೇಟಿನಲ್ಲೂ ಒಂದೇ ಚುಕ್ಕೆ, ಆದರೆ ಅದು 0.01 ಮಿ.ಮೀ. ಮಾತ್ರ. ಪುಸ್ತಕದಲ್ಲಿ ಗೋಪುರದ ಅರ್ಧ ಹೊಲಿಗೆ ಬಿಚ್ಚಿಹೋದಂತೆ ಮಾಯವಾಗಿರುತ್ತದೆ. ಗೆರೆ 0.5 ಪಾಯಿಂಟ್‌ಗಿಂತ ಕಡಿಮೆ ಬೇಡ. ಕಪ್ಪು ನೆಲದ ಮೇಲೆ ಬಿಳಿ ಗೆರೆಯಾದರೆ 1 ಪಾಯಿಂಟ್. ಬಣ್ಣ ಬರೀ ಕೆ 100, ಅಂದರೆ ಕಪ್ಪು ಶಾಯಿ ಮಾತ್ರ ಇರಲಿ. ಆರ್‌ಜಿಬಿ ಕಪ್ಪನ್ನೇ ಉಳಿಸಿದರೆ ಒಂದೇ ಗೆರೆ ನಾಲ್ಕು ಪ್ಲೇಟಿಗೆ ಹಂಚಿಹೋಗಿ, ರಿಜಿಸ್ಟರ್ (ನಾಲ್ಕು ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರುವುದು) ಸ್ವಲ್ಪ ತಪ್ಪಿದರೂ ಅಂಚಿಗೆ ಕೆಂಪು, ನೀಲಿ ನೆರಳು ಹಿಡಿಯುತ್ತದೆ. ಕೈಯಿಂದ ಬಿಡಿಸಿದ ಗೆರೆಚಿತ್ರವನ್ನು 1200 ಪಿಪಿಐನಲ್ಲಿ (ಇಂಚಿಗೆ 1200 ಪಿಕ್ಸೆಲ್), ಬರೀ ಕಪ್ಪು-ಬಿಳುಪಿಗೆ ಸ್ಕ್ಯಾನ್ ಮಾಡಿ. ಟ್ಯಾಬ್ಲೆಟ್‌ನಲ್ಲಿ ಬಿಡಿಸುವವರು ಕ್ಯಾನ್ವಾಸ್ ತೆರೆಯುವಾಗಲೇ ಬ್ಲೀಡ್ ಸೇರಿಸಿದ ಅಳತೆ, 300 ಪಿಪಿಐ ಇಟ್ಟುಕೊಳ್ಳಿ. ಆಮೇಲೆ ಹಿಗ್ಗಿಸಿದರೆ ಕುಂಚದ ಅಂಚು ಮಸುಕಾಗುತ್ತದೆ.

ನಕ್ಷೆ ಮತ್ತು ಚಿತ್ರದೊಳಗಿನ ಕನ್ನಡ ಅಕ್ಷರಕ್ಕೆ ಎರಡು ಪಟ್ಟು ಎಚ್ಚರ ಬೇಕು. ನುಡಿಯಂಥ ಹಳೆಯ ಬಗೆಯ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಯೂನಿಕೋಡ್ ಆದರೆ ಹಳೆಯ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಒಡೆದು ‘ಪಟ್ಟದಕಲ್ಲು’ ಹೋಗಿ ‘ಪಟ್‌ಟದಕಲ್‌ಲು’ ಆಗುತ್ತದೆ. ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ. ಹೆಸರುಗಳನ್ನೆಲ್ಲ ಓದಿ ತಿದ್ದಿದ ಮೇಲೆ ಅಕ್ಷರಗಳನ್ನು ಗೆರೆಯ ಆಕಾರವಾಗಿಸಿ (ಕೋರೆಲ್‌ಡ್ರಾದಲ್ಲಿ ಕನ್ವರ್ಟ್ ಟು ಕರ್ವ್ಸ್) ಪ್ರೆಸ್ಸಿಗೆ ಕೊಡಿ. ಕರ್ವ್ಸ್ ಆದ ಅಕ್ಷರ ಮತ್ತೆ ತಿದ್ದಲು ಬರುವುದಿಲ್ಲ, ಆದ್ದರಿಂದ ತಿದ್ದಲು ಬರುವ ಪ್ರತಿಯೊಂದು ನಿಮ್ಮ ಹತ್ತಿರ ಇರಲಿ.

ಎರಡು ಪುಟಕ್ಕೆ ಹರಡುವ ಚಿತ್ರ ಹಾಕುವಾಗ ನಟ್ಟನಡುವೆ ಏನಿದೆ ನೋಡಿ. ಗೋಳಗುಮ್ಮಟದ ಗುಮ್ಮಟ ಸರಿಯಾಗಿ ಮಡಿಕೆಗೆ ಬಂದರೆ ಪರ್ಫೆಕ್ಟ್ ಬೈಂಡಿಂಗ್‌ನಲ್ಲಿ ಪ್ರತಿ ಪುಟದ ಐದಾರು ಮಿ.ಮೀ. ಒಳಗೆ ಹೋಗಿ ಗುಮ್ಮಟ ಹಿಸುಕಿದಂತೆ ಕಾಣುತ್ತದೆ. ಚಿತ್ರ ಪಕ್ಕಕ್ಕೆ ಸರಿಸಿ, ಇಲ್ಲವೇ ಒಂದೇ ಪುಟಕ್ಕೆ ತನ್ನಿ.

ಫೈಲಿನ ಹೆಸರು ಇಂಗ್ಲಿಷ್ ಅಕ್ಷರ ಮತ್ತು ಅಂಕಿಯಲ್ಲಿ, ಅಧ್ಯಾಯ ಮತ್ತು ಚಿತ್ರಸಂಖ್ಯೆ ಮೊದಲು ಬರುವಂತೆ ಇರಲಿ. ಬೇರೆ ಕಾಗದದ ಪಟ್ಟಿಯಲ್ಲಿ ಚಿತ್ರಸಂಖ್ಯೆ, ಅಡಿಬರಹ, ಫೋಟೋ ತೆಗೆದವರ ಹೆಸರು, ಅನುಮತಿ ಬಂದಿದೆಯೋ ಇಲ್ಲವೋ ಬರೆದಿಡಿ. ನಮ್ಮ ಕಾಯ್ದೆಯಲ್ಲಿ ಫೋಟೋದ ಹಕ್ಕು ತೆಗೆದವರು ಬದುಕಿರುವ ತನಕ, ಅವರು ತೀರಿಕೊಂಡ ಮರುವರ್ಷದಿಂದ ಮತ್ತೆ 60 ವರ್ಷ ಇರುತ್ತದೆ. ಇಂಟರ್ನೆಟ್ಟಿನಲ್ಲಿ ಸಿಕ್ಕಿತು ಅನ್ನುವುದು ಅನುಮತಿ ಅಲ್ಲ.

ಪ್ರೂಫ್ ಅನ್ನು ಅದೇ ಕಾಗದದ ಮೇಲೆ ತೆಗೆಸಿ. ಹೊಳಪಿನ ಕಾಗದದ ಪ್ರೂಫ್ ನೋಡಿ ಮ್ಯಾಪ್ಲಿಥೋಗೆ ಒಪ್ಪಿಗೆ ಕೊಟ್ಟರೆ ನೋಡಿದ್ದೂ ನೋಡದ್ದೂ ಒಂದೇ. ಟ್ಯೂಬ್‌ಲೈಟ್ ಕೆಳಗಲ್ಲ, ಬಾಗಿಲ ಹತ್ತಿರ ಹಗಲ ಬೆಳಕಿಗೆ ಹಿಡಿದು ಮೊದಲು ಮುಖಗಳ ಬಣ್ಣ, ಆಮೇಲೆ ನೆರಳಿನೊಳಗಿನ ವಿವರ, ಕಡೆಗೆ ನಕ್ಷೆಯ ಒಂದೊಂದು ಒತ್ತಕ್ಷರ ನೋಡಿ, ಆಮೇಲೆ ಸಹಿ ಹಾಕಿ.