ಕಂಪ್ಯೂಟರ್ ಆನ್ ಆಗ್ತಿಲ್ವಾ? ಗೋಡೆಯಿಂದ ಶುರು ಮಾಡಿ

ತೀರ್ಥಹಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವುದು ನನ್ನ ಕೆಲಸ. ಮಳೆ ಹಿಡಿದ ಮೇಲೆ ಆಗುಂಬೆ ಕಡೆಯಿಂದ, ಕೋಣಂದೂರು ಕಡೆಯಿಂದ, ಹೊಸನಗರದಿಂದ ಬರುವ ಫೋನುಗಳಲ್ಲಿ ಜಾಸ್ತಿ ಕೇಳುವ ಮಾತು ಒಂದೇ: "ಸಿಸ್ಟಮ್ ಡೆಡ್ ಆಗಿದೆ, ಮದರ್‌ಬೋರ್ಡ್ ಹೋಗಿರಬೇಕು." ಮದರ್‌ಬೋರ್ಡ್ (ಎಲ್ಲ ಭಾಗಗಳೂ ಕೂರುವ ಮುಖ್ಯ ಬೋರ್ಡು) ನಿಜಕ್ಕೂ ಹೋಗಿರುವುದು ಕಡಿಮೆ. ತೊಂದರೆ ಇರುವುದು ಅದಕ್ಕಿಂತ ಹಿಂದೆ, ಕರೆಂಟು ಬರುವ ದಾರಿಯಲ್ಲಿ. ಗುಡ್ಡದ ಅಬ್ಬಿ ನೀರು ಮನೆಗೆ ಬರಲಿಲ್ಲ ಅಂದರೆ ಯಾರೂ ಮೊದಲು ನಲ್ಲಿ ಬಿಚ್ಚುವುದಿಲ್ಲ. ಪೈಪಿನ ಜೊತೆ ನಡೆಯುತ್ತಾರೆ. ಇಲ್ಲಿ ಮಾಡಬೇಕಾದದ್ದೂ ಅದೇ: ಗೋಡೆಯ ಸಾಕೆಟ್ಟಿನಿಂದ ಹೊರಟು ಒಂದೊಂದೇ ಜಾಗ ನೋಡುತ್ತಾ ಒಳಗೆ ಬನ್ನಿ.

ಹೊರಡುವ ಮೊದಲು "ಆನ್ ಆಗ್ತಿಲ್ಲ" ಅಂದರೆ ಏನು ಅಂತ ಖಚಿತ ಮಾಡಿಕೊಳ್ಳಿ. ಬಟನ್ ಒತ್ತಿದರೆ ದೀಪ ಇಲ್ಲ, ಫ್ಯಾನ್ ಇಲ್ಲ, ಸದ್ದೇ ಇಲ್ಲ, ಇದು ಒಂದು ಬಗೆ. ಫ್ಯಾನ್ ಒಂದು ಸಲ ಮಿಸುಕಿ ನಿಂತುಹೋಗುತ್ತದೆ, ಇದು ಇನ್ನೊಂದು. ಫ್ಯಾನ್ ಚೆನ್ನಾಗಿ ತಿರುಗುತ್ತದೆ ಆದರೆ ಪರದೆ ಕಪ್ಪು ಅಂದರೆ ಅದು ಸಾಮಾನ್ಯವಾಗಿ ಪವರ್ ತೊಂದರೆ ಅಲ್ಲ. ಜಾಸ್ತಿ ಸಲ ಮೆಮೊರಿ ಪಟ್ಟಿ ಅಂದರೆ ರ‍್ಯಾಮ್ ಸರಿಯಾಗಿ ಕೂತಿರುವುದಿಲ್ಲ, ಇಲ್ಲವೇ ಮಾನಿಟರ್ ಕೇಬಲ್ ಸಡಿಲ. ಪ್ಲಗ್ ಕಿತ್ತು, ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಎರಡೂ ಕಡೆ ಕ್ಲಿಪ್ 'ಟಕ್' ಅನ್ನುವ ತನಕ ಒತ್ತಿ ಕೂರಿಸಿ. ನಾನು ಈ ಬರಹದಲ್ಲಿ ಹೇಳುವುದು ಮೊದಲ ಎರಡು ಬಗೆಯ ಬಗ್ಗೆ.

ಈಗ ಗೋಡೆ. ಸಾಕೆಟ್ಟಿನಲ್ಲಿ ಕರೆಂಟು ಇದೆಯಾ ಅಂತ ನೋಡಲು ಎಲ್ಲರೂ ಮೊಬೈಲ್ ಚಾರ್ಜರ್ ಹಾಕುತ್ತಾರೆ. ಅದು ಸಾಕ್ಷಿ ಅಲ್ಲ. ಚಾರ್ಜರ್ 100 ವೋಲ್ಟಿಗೂ ಕೆಲಸ ಮಾಡುತ್ತದೆ. ಎಲ್‌ಇಡಿ ಬಲ್ಬು ಕೂಡ ಕಡಿಮೆ ವೋಲ್ಟೇಜಿನಲ್ಲಿ ಉರಿಯುತ್ತಲೇ ಇರುತ್ತದೆ. ಆದರೆ ಕಂಪ್ಯೂಟರಿನ ಎಸ್‌ಎಂಪಿಎಸ್ ಹಾಗಲ್ಲ; ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸಿ ಕೊಡುವ ಡಬ್ಬಿ ಅದು. ಅದರ ಮೈಮೇಲಿನ ಚೀಟಿ ಓದಿ. ಕಡಿಮೆ ಬೆಲೆಯವುಗಳಲ್ಲಿ 200ರಿಂದ 240 ವೋಲ್ಟ್ ಅಂತ ಇರುತ್ತದೆ, ಒಳ್ಳೆಯವುಗಳಲ್ಲಿ 100ರಿಂದ 240. ನಮ್ಮ ಸರಬರಾಜು 230 ವೋಲ್ಟ್ ಇರಬೇಕು. ಲೈನಿನ ಕೊನೆಯಲ್ಲಿರುವ ಮನೆಯಲ್ಲಿ, ಸುತ್ತಲಿನ ತೋಟದ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ ಅದು 160ಕ್ಕೆ ಇಳಿದರೆ ಮೊದಲ ಬಗೆಯ ಎಸ್‌ಎಂಪಿಎಸ್ ಏಳುವುದೇ ಇಲ್ಲ. ಯಂತ್ರದಲ್ಲಿ ಏನೂ ತಪ್ಪಿಲ್ಲ, ಆದರೂ ಅದು ಸತ್ತಂತೆ ಕಾಣುತ್ತದೆ. ಆದ್ದರಿಂದ ಒಂದು ಡಿಜಿಟಲ್ ಮಲ್ಟಿಮೀಟರ್ ಇಟ್ಟುಕೊಳ್ಳಿ. ದುಬಾರಿಯದ್ದು ಬೇಕಿಲ್ಲ. ಎಸಿ ವೋಲ್ಟಿನ ದೊಡ್ಡ ರೇಂಜಿಗೆ ತಿರುಗಿಸಿ, ಲೋಹದ ತುದಿಗೆ ಬೆರಳು ತಾಗದಂತೆ ಹಿಡಿದು ಅಳೆಯಿರಿ. 250 ದಾಟಿ ಏರುತ್ತಿದ್ದರೆ, ಅಥವಾ ಒಂದು ಕೋಣೆಯ ದೀಪ ಮಂಕಾಗಿ ಇನ್ನೊಂದರದ್ದು ಕಣ್ಣು ಕುಕ್ಕುವಂತಿದ್ದರೆ, ನ್ಯೂಟ್ರಲ್ (ಕರೆಂಟು ವಾಪಸ್ ಹೋಗುವ ತಂತಿ) ಸಡಿಲ ಇರಬಹುದು. ಆಗ ಮನೆಯ ಎಲ್ಲ ಪ್ಲಗ್ಗುಗಳನ್ನೂ ಕಿತ್ತಿಟ್ಟು ವಿದ್ಯುತ್ ಕಂಪನಿಯ ದೂರು ನಂಬರ್ 1912ಕ್ಕೆ ಫೋನ್ ಮಾಡಿ. ಕಂಪ್ಯೂಟರ್ ಕೆಲಸ ಆಮೇಲೆ.

ವೋಲ್ಟೇಜು ಸರಿ ಇದೆ ಅಂದರೆ ನಡುವೆ ಇರುವುದನ್ನೆಲ್ಲ ತೆಗೆದುಹಾಕಿ. ಯುಪಿಎಸ್ ಬೇಡ, ಸ್ಪೈಕ್ ಬಸ್ಟರ್ ಬೇಡ. ಕಂಪ್ಯೂಟರಿನ ವಯರನ್ನು ನೇರ ಗೋಡೆಗೆ ಹಾಕಿ ನೋಡಿ. ಯುಪಿಎಸ್ ಒಳಗಿನ 12 ವೋಲ್ಟಿನ ಬ್ಯಾಟರಿ ಕೆಲವೇ ವರ್ಷಕ್ಕೆ ಸೋಲುತ್ತದೆ. ಪದೇಪದೇ ಕರೆಂಟು ಹೋಗುವ ನಮ್ಮ ಕಡೆ ಇನ್ನೂ ಬೇಗ. ಬ್ಯಾಟರಿ ಪೂರ್ತಿ ಸತ್ತರೆ ಕೆಲವು ಯುಪಿಎಸ್‌ಗಳು ಗೋಡೆಯಲ್ಲಿ ಕರೆಂಟು ಇದ್ದರೂ ಮುಂದೆ ಬಿಡುವುದಿಲ್ಲ. ಆಮೇಲೆ ವಯರು. ಮಾನಿಟರಿಗೂ ಸಿಪಿಯುಗೂ ಸಾಮಾನ್ಯವಾಗಿ ಒಂದೇ ತರದ ಮೂರು ಪಿನ್ ವಯರು ಇರುತ್ತದೆ. ಅದನ್ನು ಇದಕ್ಕೆ, ಇದನ್ನು ಅದಕ್ಕೆ ಬದಲಿಸಿ ನೋಡಿ. ಮಾನಿಟರ್ ದೀಪ ಆರಿತು ಅಂದರೆ ಕಳ್ಳ ಸಿಕ್ಕಿದ.

ಸಿಪಿಯು ಹಿಂಭಾಗದಲ್ಲಿ, ಎಸ್‌ಎಂಪಿಎಸ್ ಮೇಲೆ ಒಂದು ಸ್ವಿಚ್ ಇರುತ್ತದೆ. ಗುಡಿಸುವಾಗ, ಒರೆಸುವಾಗ ಕೈ ತಾಗಿ ಆಫ್ ಆಗಿರುತ್ತದೆ. ಹಳೆಯವುಗಳಲ್ಲಿ ಪಕ್ಕದಲ್ಲೇ 115, 230 ಅಂತ ಬರೆದ ಕೆಂಪು ಗುಂಡಿಯೂ ಇರುತ್ತದೆ. ಅದು 230ರಲ್ಲೇ ಇರಬೇಕು. 115ಕ್ಕೆ ಸರಿಸಿ ಪ್ಲಗ್ ಹಾಕಿದರೆ 'ಢಬ್' ಅಂತ ಸುಟ್ಟುಹೋಗುತ್ತದೆ. ಮಕ್ಕಳಿಗೂ ಹೇಳಿಡಿ.

ಕರೆಂಟು ಹೋಗಿ ಬಂದ ಮೇಲೆ ಸತ್ತ ಯಂತ್ರಕ್ಕೆ ಒಂದು ಸುಲಭದ ಉಪಾಯ ಇದೆ. ಎಸ್‌ಎಂಪಿಎಸ್ ಏಟು ತಿಂದಾಗ ತನ್ನನ್ನು ತಾನೇ ಕಾಪಾಡಿಕೊಳ್ಳಲು ಬಾಗಿಲು ಹಾಕಿಕೊಳ್ಳುತ್ತದೆ. ಪ್ಲಗ್ ಕಿತ್ತು, ಪವರ್ ಬಟನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಳಗೆ ಉಳಿದ ಚಾರ್ಜು ಹರಿದುಹೋಗುತ್ತದೆ. ಐದು ನಿಮಿಷ ಬಿಟ್ಟು ಮತ್ತೆ ಹಾಕಿ. ಎಷ್ಟೋ ಜನರಿಗೆ ಫೋನಿನಲ್ಲಿ ಇಷ್ಟು ಹೇಳಿದ್ದೇ ಸಾಕಾಗಿದೆ. ಇದರ ಜೊತೆಗೆ ಹಿಂದೆ ಮುಂದೆ ಸಿಕ್ಕಿಸಿರುವ ಪೆನ್‌ಡ್ರೈವ್, ಪ್ರಿಂಟರ್, ಮೌಸ್ ಎಲ್ಲ ತೆಗೆಯಿರಿ. ಮುಂದಿನ ಯುಎಸ್‌ಬಿ ತೂತಿಗೆ ಟಾರ್ಚ್ ಬಿಟ್ಟು ನೋಡಿ. ಒಳಗಿನ ನಾಲಿಗೆ ಮುರಿದು ಪಿನ್ನುಗಳು ಒಂದಕ್ಕೊಂದು ತಾಗಿದ್ದರೆ ಇಡೀ ಯಂತ್ರ ಏಳದಿರಬಹುದು. ಕೆಲವು ಸಲ ಆ ತೂತಿನಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುತ್ತದೆ.

ಇಷ್ಟರಲ್ಲಿ ಸರಿಯಾಗದಿದ್ದರೆ ಪಕ್ಕದ ಮುಚ್ಚಳ ತೆಗೆಯಿರಿ. ಪ್ಲಗ್ ಕಿತ್ತಿರಲೇಬೇಕು. ಮೊದಲು ಮೂಗು, ಆಮೇಲೆ ಕಣ್ಣು. ಸುಟ್ಟ ವಾಸನೆ ಎಲ್ಲಿಂದ ಬರುತ್ತಿದೆ? ಬೋರ್ಡಿನ ಮೇಲೆ ಸಣ್ಣ ಡಬ್ಬಿಯಂತೆ ನಿಂತಿರುವ, ಚಾರ್ಜು ಹಿಡಿದಿಡುವ ಉರುಟು ಕೆಪಾಸಿಟರ್‌ಗಳ ತಲೆ ಚಪ್ಪಟೆ ಇದೆಯಾ, ಉಬ್ಬಿದೆಯಾ? ಉಬ್ಬಿದ್ದರೆ, ಕಂದು ಅಂಟು ಸೋರಿದ್ದರೆ ಅದನ್ನು ಬದಲಿಸಬೇಕು. ಎಸ್‌ಎಂಪಿಎಸ್ ಜಾಲರಿಗೂ ಟಾರ್ಚ್ ಬಿಡಿ. ಮಳೆಗಾಲದಲ್ಲಿ ಇರುವೆಗಳು ಮೊಟ್ಟೆ ಹೊತ್ತು ಬೆಚ್ಚಗಿನ ಜಾಗ ಹುಡುಕುತ್ತವೆ. ಯಂತ್ರ ಆಫ್ ಇದ್ದರೂ ಗೋಡೆಯ ಸ್ವಿಚ್ ಆನ್ ಇದ್ದರೆ ಎಸ್‌ಎಂಪಿಎಸ್‌ನ ಒಂದು ಮೂಲೆ ಉಗುರು ಬೆಚ್ಚಗಿರುತ್ತದೆ. ನಾನು ಜಾಲರಿಯೊಳಗೆ ತಾಮ್ರದ ಸುರುಳಿಗಳ ಸಂದಿಯಲ್ಲಿ ಅಕ್ಕಿ ನುಚ್ಚಿನಂಥ ಬಿಳಿ ಮೊಟ್ಟೆ ತುಂಬಿರುವುದನ್ನು ಕಂಡಿದ್ದೇನೆ, ಸುತ್ತ ಸುಟ್ಟ ಇರುವೆಗಳು ಕರಿ ಗೆರೆಯಂತೆ ಅಂಟಿದ್ದವು. ಹಲ್ಲಿ ಸಿಕ್ಕಿ ಸತ್ತಿರುವುದೂ ಉಂಟು. ಆದರೆ ಎಸ್‌ಎಂಪಿಎಸ್ ಡಬ್ಬಿಯನ್ನು ನೀವು ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಜಾಸ್ತಿ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ. ಅದು ಪ್ರಾಣದ ವಿಷಯ.

ಎರಡು ಕನೆಕ್ಟರ್ ಒತ್ತಿ ನೋಡಿ. ಮದರ್‌ಬೋರ್ಡಿನ ಅಂಚಿನಲ್ಲಿರುವ 24 ಪಿನ್ನಿನ ಅಗಲದ್ದು, ಪ್ರೊಸೆಸರ್ ಹತ್ತಿರದ 4 ಅಥವಾ 8 ಪಿನ್ನಿನ ಚಿಕ್ಕದು. ಚಿಕ್ಕದನ್ನು ಎಲ್ಲರೂ ಮರೆಯುತ್ತಾರೆ.

ಈಗ ಬಟನ್. ಬಟನ್ ಹಿಂದೆ ಇರುವುದು ಒಂದು ಸಣ್ಣ ಒತ್ತು ಸ್ವಿಚ್, ಅಷ್ಟೇ. ತೇವಕ್ಕೆ ತುಕ್ಕು ಹಿಡಿದು ಅದೇ ಕೈಕೊಡುತ್ತದೆ. ಅದರಿಂದ ಬರುವ ಎರಡು ಎಳೆಯ ವಯರು ಬೋರ್ಡಿನ ಮೂಲೆಯ ಪಿನ್ನುಗಳಿಗೆ ಹೋಗುತ್ತದೆ, 'ಪವರ್ ಸ್ವಿಚ್' ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಆ ವಯರು ತೆಗೆದು, ಪ್ಲಗ್ ಹಾಕಿ, ಸ್ಕ್ರೂಡ್ರೈವರ್ ತುದಿಯಿಂದ ಆ ಎರಡೇ ಪಿನ್ನುಗಳನ್ನು ಒಂದು ಕ್ಷಣ ಮುಟ್ಟಿಸಿ. ಬೇರೆ ಪಿನ್ನಿಗೆ ತಾಗಬಾರದು. ಯಂತ್ರ ಎದ್ದಿತಾ? ಹಾಗಾದರೆ ಬಟನ್ ಮಾತ್ರ ಹಾಳು. ರೀಸೆಟ್ ಬಟನ್ನಿನ ವಯರನ್ನು ಆ ಜಾಗಕ್ಕೆ ಹಾಕಿಬಿಡಿ. ಇನ್ನು ಮುಂದೆ ರೀಸೆಟ್ ಒತ್ತಿದರೆ ಆನ್ ಆಗುತ್ತದೆ. ಒಂದು ರೂಪಾಯಿ ಖರ್ಚಿಲ್ಲ.

ಏಳಲಿಲ್ಲ ಅಂದರೆ ಎಸ್‌ಎಂಪಿಎಸ್ ಪರೀಕ್ಷೆ. ಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. 24 ಪಿನ್ ಕನೆಕ್ಟರ್ ಬೋರ್ಡಿನಲ್ಲೇ ಇರಲಿ, ಪ್ಲಗ್ ಹಾಕಿರಲಿ. ಮೀಟರಿನ ಕರಿ ತಂತಿಯನ್ನು ಕನೆಕ್ಟರಿನ ಕರಿ ವಯರಿನ ಹಿಂಬದಿ ತೂತಿಗೆ, ಮೀಟರಿನ ಕೆಂಪು ತಂತಿಯನ್ನು ನೇರಳೆ ವಯರಿನ ಹಿಂಬದಿಗೆ ಮುಟ್ಟಿಸಿ. ಯಂತ್ರ ಆಫ್ ಇದ್ದರೂ ಅಲ್ಲಿ 5 ವೋಲ್ಟ್ ಇರಲೇಬೇಕು. ಇಲ್ಲ ಅಂದರೆ ಒಂದೋ ಎಸ್‌ಎಂಪಿಎಸ್ ಸತ್ತಿದೆ, ಇಲ್ಲವೇ ಬೋರ್ಡು ಅದನ್ನು ಶಾರ್ಟ್ ಮಾಡಿ ಎಳೆಯುತ್ತಿದೆ. ಕನೆಕ್ಟರ್ ಬಿಡಿಸಿ ಮತ್ತೆ ಅಳೆದರೆ ಯಾವುದು ಅಂತ ಗೊತ್ತಾಗುತ್ತದೆ. ನೇರಳೆ ಸರಿ ಇದ್ದರೆ ಹಸಿರು ವಯರು ನೋಡಿ. ಸುಮ್ನೆ ಇದ್ದಾಗ ಅದರಲ್ಲಿ 5ರ ಹತ್ತಿರ ತೋರಿಸುತ್ತದೆ. ಪವರ್ ಸ್ವಿಚ್ ಪಿನ್ನುಗಳನ್ನು ಮತ್ತೆ ಮುಟ್ಟಿಸಿದಾಗ ಸೊನ್ನೆಗೆ ಇಳಿಯಬೇಕು. ಅದು ಮದರ್‌ಬೋರ್ಡ್ "ಶುರು ಮಾಡು" ಅಂತ ಎಸ್‌ಎಂಪಿಎಸ್‌ಗೆ ಹೇಳುವ ರೀತಿ. ಇಳಿದರೂ ಎಸ್‌ಎಂಪಿಎಸ್ ಏಳಲಿಲ್ಲ ಅಂದರೆ ಅನುಮಾನ ಎಸ್‌ಎಂಪಿಎಸ್ ಮೇಲೆ. ಇಳಿಯಲೇ ಇಲ್ಲ ಅಂದರೆ ಬೋರ್ಡಿನ ಮೇಲೆ.

ಖಚಿತ ಮಾಡಿಕೊಳ್ಳಲು ಪ್ಲಗ್ ಕಿತ್ತು, ಎಸ್‌ಎಂಪಿಎಸ್‌ನ ಎಲ್ಲ ಕನೆಕ್ಟರ್‌ಗಳನ್ನೂ ಬಿಡಿಸಿ. ಹಳೆಯ ಡಿವಿಡಿ ಡ್ರೈವ್ ಒಂದನ್ನು ಮಾತ್ರ ಹಾಕಿಡಿ, ನಿಮ್ಮ ಫೈಲುಗಳಿರುವ ಹಾರ್ಡ್‌ಡಿಸ್ಕ್ ಬೇಡ. ಪೇಪರ್ ಕ್ಲಿಪ್ ಬಗ್ಗಿಸಿ 24 ಪಿನ್ನಿನಲ್ಲಿ ಹಸಿರು ಮತ್ತು ಒಂದು ಕರಿ ತೂತಿಗೆ ಸಿಕ್ಕಿಸಿ, ಆಮೇಲೆ ಪ್ಲಗ್ ಹಾಕಿ. ಫ್ಯಾನ್ ತಿರುಗಿತು ಅಂತ ನಿಲ್ಲಿಸಬೇಡಿ, ಅಳೆಯಿರಿ. ಹಳದಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.46 ವೋಲ್ಟ್ ಒಳಗೆ ಇರಬೇಕು. ಇದರಿಂದ ಹೊರಗೆ ಹೋದರೆ ಎಸ್‌ಎಂಪಿಎಸ್ ಬದಲಿಸಿ. ವಯರುಗಳೆಲ್ಲ ಕರಿ ಬಣ್ಣದವೇ ಆಗಿದ್ದರೆ ಊಹೆ ಮೇಲೆ ಕ್ಲಿಪ್ ಹಾಕಬೇಡಿ, ಅಂಗಡಿಗೆ ತನ್ನಿ.

ಫ್ಯಾನ್ ಮಿಸುಕಿ ನಿಲ್ಲುವ ಯಂತ್ರಕ್ಕೆ ದಾರಿ ಬೇರೆ. ಎಲ್ಲೋ ಶಾರ್ಟ್ ಇರಬಹುದು. ಗ್ರಾಫಿಕ್ಸ್ ಕಾರ್ಡ್, ಹಾರ್ಡ್‌ಡಿಸ್ಕ್, ಡಿವಿಡಿ ಎಲ್ಲ ಬಿಡಿಸಿ, ಒಂದೇ ರ‍್ಯಾಮ್ ಇಟ್ಟು ನೋಡಿ. ಎದ್ದರೆ ಒಂದೊಂದೇ ವಾಪಸ್ ಹಾಕಿ, ಪ್ರತಿ ಸಲವೂ ಪ್ಲಗ್ ಕಿತ್ತು. ಯಾವುದು ಹಾಕಿದಾಗ ನಿಂತಿತೋ ಅದೇ.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಮಲೆನಾಡಿನ ನಿಜವಾದ ಕಾಯಿಲೆ ತೇವ. ಜುಲೈ, ಆಗಸ್ಟಿನಲ್ಲಿ ಬೆಳಿಗ್ಗೆ ಏಳದೆ ಮಧ್ಯಾಹ್ನ ತಾನಾಗೇ ಏಳುವ ಯಂತ್ರಗಳು ನನಗೆ ಬೇಕಾದಷ್ಟು ಸಿಗುತ್ತವೆ. ಹೊಸನಗರದ ಹತ್ತಿರದ ಒಂದು ತೋಟದ ಮನೆಯಲ್ಲಿ ಸಿಪಿಯು ಇದ್ದದ್ದು ಬಚ್ಚಲೊಲೆಯ ಗೋಡೆಯ ಆಚೆ. ಮುಚ್ಚಳ ತೆಗೆದರೆ ಬೋರ್ಡಿನ ಮೇಲೆ ಹೊಗೆಯ ಮಸಿ ಸೇರಿದ ಧೂಳು, ಬೆರಳಿಗೆ ಜಿಡ್ಡಾಗಿ ಅಂಟುತ್ತಿತ್ತು. ಇಂಥ ಧೂಳು ಒಣಗಿದ್ದಾಗ ಸುಮ್ಮನಿರುತ್ತದೆ. ರಾತ್ರಿಯಿಡೀ ತೇವ ಹೀರಿದಾಗ ಕರೆಂಟಿಗೆ ಅಡ್ಡದಾರಿ ಆಗುತ್ತದೆ. ಮೃದು ಬ್ರಷ್ಷಿನಿಂದ ಗುಡಿಸಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದ ಮೇಲೆ ಬೆಳಿಗ್ಗೆಯೂ ಏಳತೊಡಗಿತು, ಸಿಪಿಯು ಜಾಗವನ್ನೂ ಬದಲಿಸಿದರು.

ನಿಮ್ಮದೂ ಹೀಗೇ ಇದ್ದರೆ ಪದೇಪದೇ ಬಟನ್ ಒತ್ತಬೇಡಿ. ಒದ್ದೆ ಬೋರ್ಡಿಗೆ ಕರೆಂಟು ಕೊಟ್ಟಷ್ಟೂ ಹಾಳು. ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಎದುರು ಒಂದು ದಿನ ಇಡಿ. ಹೇರ್ ಡ್ರೈಯರ್ ಇದ್ದರೆ ಕಡಿಮೆ ಬಿಸಿಯಲ್ಲಿ, ಒಂದು ಅಡಿ ದೂರದಿಂದ ಹಿಡಿಯಿರಿ. ಒಲೆಯ ಹತ್ತಿರ, ಅಡಿಕೆ ಒಣಗಿಸುವ ಅಟ್ಟದ ಮೇಲೆ ಇಡುವವರಿದ್ದಾರೆ, ದಯವಿಟ್ಟು ಬೇಡ. ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಹೊಗೆ ಮತ್ತೆ ಕೂರುತ್ತದೆ. ಮಳೆಗಾಲದಲ್ಲಿ ಕೆಲಸ ಇರಲಿ ಬಿಡಲಿ, ದಿನಾ ಅರ್ಧ ಗಂಟೆ ಯಂತ್ರ ಆನ್ ಮಾಡಿ. ಅದರ ಬಿಸಿಯೇ ಅದನ್ನು ಒಣಗಿಸುತ್ತದೆ. ಸಿಪಿಯುವನ್ನು ನೆಲದ ಮೇಲೆ ಇಡದೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ಈಚೆ ಇಡಿ.

ಸಿಡಿಲಿನ ಕಾಲ ಬೇರೆ: ಏಪ್ರಿಲ್, ಮೇ ತಿಂಗಳ ಸಂಜೆ, ಮತ್ತೆ ಅಕ್ಟೋಬರ್. ಗುಡುಗು ಕೇಳಿದ ತಕ್ಷಣ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಬೇಕು. ರೂಟರಿನಿಂದ ಬರುವ ಲ್ಯಾನ್ ಕೇಬಲ್ಲನ್ನೂ ಕೀಳಬೇಕು. ಪ್ಲಗ್ ಕಿತ್ತಿದ್ದರೂ ಲ್ಯಾನ್ ದಾರಿಯಲ್ಲಿ ಬಂದು ಬೋರ್ಡು ಸುಟ್ಟ ಉದಾಹರಣೆಗಳಿವೆ. ಫೈಬರ್ ಎಳೆ ತಾನು ಕರೆಂಟು ಒಯ್ಯುವುದಿಲ್ಲ, ಆದರೆ ಮೋಡೆಮ್‌ನ ಅಡಾಪ್ಟರ್ ಗೋಡೆಯಲ್ಲೇ ಇದೆ, ಅಲ್ವಾ? ಸ್ಪೈಕ್ ಬಸ್ಟರ್ ಒಂದು ದೊಡ್ಡ ಏಟು ತಡೆದು ಸತ್ತರೂ ಅದರ ದೀಪ ಉರಿಯುತ್ತಲೇ ಇರಬಹುದು, ಅದನ್ನು ನಂಬಿ ಕೂರಬೇಡಿ. ಕ್ಯಾಬಿನೆಟ್ ಮುಟ್ಟಿದರೆ 'ಜುಂ' ಅನ್ನುತ್ತದೆಯಾ? ಅರ್ಥಿಂಗ್ ಸರಿಯಿಲ್ಲ ಅಂತ ಅರ್ಥ. ನಮ್ಮ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥಿಂಗ್ ದುರ್ಬಲವಾಗುತ್ತದೆ. ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹಾಕಿ. ಆಗಲೂ ಜುಂ ಅಂದರೆ ವಯರ್‌ಮನ್ ಕರೆದು ಹೊಸದಾಗಿ ಮಾಡಿಸಿ.

ಕೊನೆಗೆ ಅಂಗಡಿಗೆ ತರಲೇಬೇಕು ಅಂದರೆ ಮಾನಿಟರ್, ಕೀಬೋರ್ಡ್ ಮನೆಯಲ್ಲೇ ಇರಲಿ. ಪವರ್ ವಯರು ಮಾತ್ರ ಜೊತೆಗೆ ತನ್ನಿ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಬಿಚ್ಚಿ ಬೇರೆ ಸುತ್ತಿಡಿ, ಘಾಟಿ ರಸ್ತೆಯ ಬಸ್ಸಿನ ಕುಲುಕಾಟಕ್ಕೆ ಅದರ ಸ್ಲಾಟ್ ಮುರಿಯುತ್ತದೆ. ಸಿಪಿಯುವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕಾಲ ಬಳಿ ಮಲಗಿಸಿಕೊಂಡು ಬನ್ನಿ. ನೇರಳೆಯಲ್ಲಿ ಎಷ್ಟು ಬಂತು, ಹಸಿರು ಇಳಿಯಿತಾ, ತೊಂದರೆ ಶುರುವಾದ ದಿನ ಮಳೆಯಾ ಗುಡುಗಾ ಅಂತ ಒಂದು ಚೀಟಿಯಲ್ಲಿ ಬರೆದು ಮುಚ್ಚಳಕ್ಕೆ ಅಂಟಿಸಿ. ನಿಮ್ಮ ಸಮಯವೂ ಉಳಿಯುತ್ತದೆ, ರಿಪೇರಿಯವನದ್ದೂ.